ಕೆಣಕಿದರೂ ಕೈಯೆತ್ತದವರು

ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಒಂದು ಕಾಲಕ್ಕೆ ಸಿಂದ ಮನೆತನದವರು ಆಳಿದ ಊರು. ಅಲ್ಲಿ ಶಾಸನಗಳೂ ವೀರಗಲ್ಲುಗಳೂ ಇವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನ ಪಟ್ಟಿಯಲ್ಲಿ ಸತ್ತ ವೀರನ ತೋಳು ಹಿಡಿದು ಅಪ್ಸರೆಯರು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರರು: ಅವರಿರುವ ತನಕ ಈ ಹೆಸರಿರಲಿ ಎಂಬ ಹರಕೆ. ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವನಿಗೆ ಕಲ್ಲು ನಿಂತಿತು. ಊರಿಗೆ ಮುತ್ತಿಗೆ ಬಿದ್ದಾಗ ಅಡ್ಡ ನಿಂತು ಸತ್ತವನಿಗೂ ನಿಂತಿತು. ಒಡೆಯನಿಗೆ ಕೊಟ್ಟ ಮಾತಿಗಾಗಿ ತಲೆ ಕೊಟ್ಟವನಿಗೂ ನಿಂತಿತು.

ಆ ಕಲ್ಲುಗಳ ಮೇಲೆ ನನಗೆ ಗೌರವವಿದೆ. ಅವರಲ್ಲಿ ಬಹಳ ಜನ ಬೇರೆಯವರಿಗಾಗಿ ಸತ್ತರು. ಆದರೆ ಸಂತೇಬೆನ್ನೂರಿನವನಾಗಿ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನಾಗಿ, ಬಹುಕಾಲದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಹೊಡೆಯಬಲ್ಲವನಾಗಿದ್ದು, ಎದುರಿನವನು ಬಾಯಿಗೆ ಬಂದದ್ದು ಅಂದರೂ ಕೈ ತಡೆದವನಿಗೆ ನಮ್ಮ ನಾಡು ಏನು ಕೊಟ್ಟಿತು? ಅವನಿಗೂ ಒಂದು ಕಲ್ಲು ನಿಂತಿತೇ?

ನಿಂತಿದೆ. ಆದರೆ ಅದರ ಕಡೆಗೆ ಹೋಗುವ ದಾರಿ ಒಂದು ಕೊಳದ ಮೂಲಕ ಹಾದುಹೋಗುತ್ತದೆ.

ರನ್ನನ ‘ಗದಾಯುದ್ಧ’ದ ಕಥೆ ಕನ್ನಡ ಓದಿದವರಿಗೆ ಹೇಳಿಕೊಡಬೇಕಾಗಿಲ್ಲ. ಕುರುಕ್ಷೇತ್ರದ ಯುದ್ಧ ಮುಗಿಯುತ್ತ ಬಂದಿದೆ. ತಮ್ಮಂದಿರೆಲ್ಲ ಸತ್ತಿದ್ದಾರೆ, ಕರ್ಣ ಸತ್ತಿದ್ದಾನೆ. ಒಂಟಿಯಾದ ದುರ್ಯೋಧನ ಹೆಣಗಳ ನಡುವೆ ನಡೆದು ಶರಶಯ್ಯೆಯ ಮೇಲಿದ್ದ ಭೀಷ್ಮನ ಬಳಿ ಬರುತ್ತಾನೆ. ಅಜ್ಜ ಹೇಳುವುದು ಇಷ್ಟು: ಇವತ್ತಿನ ಹೊತ್ತು ವೈಶಂಪಾಯನ ಸರೋವರದಲ್ಲಿ ಮುಳುಗಿ ಕಳೆ, ನಾಳೆಗೆ ಬಲರಾಮ, ಕೃಪ, ಅಶ್ವತ್ಥಾಮರು ನಿನ್ನ ಜೊತೆ ಸೇರುತ್ತಾರೆ. ನೀರಿನಲ್ಲಿ ಉಳಿಯುವ ಜಲಮಂತ್ರವನ್ನೂ ಕೊಡುತ್ತಾನೆ. ಅಷ್ಟನ್ನು ದುರ್ಯೋಧನ ಮಾಡುತ್ತಾನೆ. ಅಷ್ಟರಲ್ಲಿ ದಡಕ್ಕೆ ಬಂದ ಭೀಮ ಮೂದಲಿಸತೊಡಗುತ್ತಾನೆ. ಅವನ ಗರ್ಜನೆ ಕಿವಿಗೆ ಬಿದ್ದದ್ದೇ ತಡ, ತಣ್ಣನೆಯ ನೀರಿನೊಳಗೆ ಇದ್ದವನ ಮೈ ಬೆವರುತ್ತದೆ. ಎದ್ದು ಬರುತ್ತಾನೆ. ತೊಡೆ ಮುರಿಯುತ್ತದೆ.

ನಮ್ಮೂರಿನ ಮಕ್ಕಳಿಗೆ ಈ ಪಾಠ ಮಾಡುವುದು ಸುಲಭ. ಊರ ನಡುವೆಯೇ ಪುಷ್ಕರಣಿ ಇದೆ; ನಾವು ಹೊಂಡ ಅನ್ನುತ್ತೇವೆ. ನಾಲ್ಕೂ ಕಡೆಯಿಂದ ಕಲ್ಲಿನ ಮೆಟ್ಟಿಲು ಇಳಿದುಹೋಗುತ್ತವೆ, ನಡುನೀರಿನಲ್ಲಿ ವಸಂತ ಮಂಟಪ ನಿಂತಿದೆ. ವೈಶಂಪಾಯನ ಸರೋವರ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ಹೊಂಡದ ಮೆಟ್ಟಿಲ ಮೇಲೆ ಭೀಮನನ್ನು ನಿಲ್ಲಿಸಿಕೊಳ್ಳುತ್ತಾರೆ, ಮಂಟಪದ ಹತ್ತಿರ ನೀರಿನೊಳಗೆ ದುರ್ಯೋಧನನನ್ನು ಕೂರಿಸುತ್ತಾರೆ. ಆಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಸಾರ್, ಅವನು ಬೆಳಗಿನ ತನಕ ಸುಮ್ಮನೆ ಒಳಗೇ ಇದ್ದಿದ್ರೆ?’

ಆ ಪ್ರಶ್ನೆಯನ್ನು ನಾನು ಯಾವತ್ತೂ ಹಗುರವಾಗಿ ತೆಗೆದುಕೊಂಡಿಲ್ಲ. ಸುಮ್ಮನಿದ್ದರೆ ಬದುಕುತ್ತೇನೆ ಎಂಬುದು ದುರ್ಯೋಧನನಿಗೆ ಗೊತ್ತಿತ್ತು. ಉಪಾಯ ಹೇಳಿಕೊಟ್ಟವನು ಯುದ್ಧವಿದ್ಯೆಯಲ್ಲಿ ಎಲ್ಲರಿಗಿಂತ ದೊಡ್ಡವನು. ಆದರೂ ಮಾತೊಂದು ಕಿವಿಗೆ ಬಿದ್ದು ಎಲ್ಲವನ್ನೂ ಕೆಡಿಸಿತು. ರನ್ನ ಅವನನ್ನು ಹಳಿಯುವುದಿಲ್ಲ, ಅವನ ಛಲವನ್ನು ಎತ್ತಿ ಹಿಡಿಯುತ್ತಾನೆ. ವೀರನಾದವನಿಗೆ ಮೂದಲೆ ಸಹಿಸುವುದು ಸಾವಿಗಿಂತ ಕಷ್ಟ ಎಂದು ಆ ಕಾಲವೇ ನಂಬಿತ್ತು. ರಾಜರ ಬಿರುದುಗಳನ್ನು ನೋಡಿ: ಮೂರು ರಾಯರ ಗಂಡ, ಭಾಷೆಗೆ ತಪ್ಪುವ ರಾಯರ ಗಂಡ. ಬಿರುದು ಹೊಗಳುವಾಗಲೇ ನಾಲ್ಕು ಜನರನ್ನು ಕೆಣಕುತ್ತಿತ್ತು.

ಕೆಣಕುವುದಕ್ಕೂ ಕಾದುವುದಕ್ಕೂ ಆಗ ಪದ್ಧತಿಗಳಿದ್ದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅಂಕವಿನೋದಕ್ಕೆ, ಎಂದರೆ ಇಬ್ಬರು ಆಯುಧ ಹಿಡಿದು ಎದುರುಬದುರಾಗಿ ಕಾದುವುದಕ್ಕೆ, ಒಂದು ಭಾಗವೇ ಮೀಸಲು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಅಲ್ಲಿನ ದ್ವಂದ್ವಯುದ್ಧಗಳ ಬಗ್ಗೆ ಬರೆದಿದ್ದಾನೆ: ಕಾದುವವರಿಗೆ ಬಹಳ ಮರ್ಯಾದೆ, ಸತ್ತವನ ಆಸ್ತಿ ಗೆದ್ದವನಿಗೆ, ಆದರೆ ಮೊದಲು ಮಂತ್ರಿಯ ಅಪ್ಪಣೆ ಕೇಳಬೇಕು, ಮಂತ್ರಿ ಕೂಡಲೇ ಕೊಡುತ್ತಾನೆ. ‘ಕೂಡಲೇ ಕೊಡುತ್ತಾನೆ’ ಎಂಬಲ್ಲಿ ನಾನು ತಡೆದು ನಿಲ್ಲುತ್ತೇನೆ. ಆ ಎರಡು ಜೀವಗಳ ನಡುವೆ ನಿಲ್ಲಬಲ್ಲವನಿದ್ದರೆ ಅದು ಆ ಮಂತ್ರಿ. ಅವನ ಕೆಲಸ ಅಪ್ಪಣೆ ಕೊಡುವುದಷ್ಟೇ ಆಗಿಹೋಗಿತ್ತು.

ಮಂತ್ರಿ ಬೇರೆ ಕೆಲಸವನ್ನೂ ಮಾಡಬಹುದು ಎಂದು ತೋರಿಸಿದ ಕಥೆ ನಮ್ಮಲ್ಲಿ ಅದಕ್ಕಿಂತ ಆರು ನೂರು ವರ್ಷ ಮೊದಲೇ ಕನ್ನಡದಲ್ಲಿತ್ತು. ಪಂಪ 941ರ ಹೊತ್ತಿಗೆ ಬರೆದ ‘ಆದಿಪುರಾಣ’ದ ಭರತ ಬಾಹುಬಲಿಯರ ಕಥೆ ಅದು. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ ಊರ ಬಾಗಿಲಲ್ಲಿ ನಿಂತುಬಿಡುತ್ತದೆ, ಒಳಗೆ ಬರುವುದಿಲ್ಲ. ತಮ್ಮಂದಿರು ಇನ್ನೂ ತಲೆಬಾಗಿಲ್ಲ ಎಂಬುದು ಕಾರಣ. ಪೌದನಪುರದ ಬಾಹುಬಲಿಗೆ ದೂತ ಹೋಗುತ್ತಾನೆ: ಬಂದು ನಮಸ್ಕರಿಸು. ಅಣ್ಣನೆಂದಾದರೆ ನಮಸ್ಕರಿಸಬಹುದಿತ್ತು, ಕತ್ತಿ ಹಿಡಿದು ಕರೆಸಿಕೊಳ್ಳುವ ದೊರೆಗೆ ಹೇಗೆ ನಮಸ್ಕರಿಸುವುದು? ಎರಡೂ ಸೇನೆಗಳು ಎದುರಾಗುತ್ತವೆ.

ಆಗ ಎರಡೂ ಕಡೆಯ ಮಂತ್ರಿಗಳು ಕೂಡಿ ಮಾತಾಡುತ್ತಾರೆ. ಇಬ್ಬರೂ ಈ ಜನ್ಮದಲ್ಲೇ ಮುಕ್ತಿ ಪಡೆಯಬೇಕಾದವರು, ಇವರಿಬ್ಬರಿಗೂ ಏನೂ ಆಗದು, ಸಾಯುವುದು ಸೈನಿಕರು ಎಂದು ಲೆಕ್ಕ ಹಾಕುತ್ತಾರೆ. ಜಗಳ ಅಣ್ಣತಮ್ಮಂದಿರದ್ದು, ಅವರೇ ತೀರಿಸಿಕೊಳ್ಳಲಿ. ಆಯುಧ ಬೇಡ ಎನ್ನುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂದು ಗೊತ್ತಾಗುತ್ತದೆ. ರೆಪ್ಪೆ ಮಿಟುಕಿಸದೆ ನೋಡುವುದರಲ್ಲಿ ಭರತ ಸೋಲುತ್ತಾನೆ. ನೀರಿಗಿಳಿದು ಮುಖಕ್ಕೆ ಎರಚುವಾಗ ಎತ್ತರದವನಾದ ಬಾಹುಬಲಿಯ ಎದೆಯ ಮಟ್ಟಕ್ಕಷ್ಟೇ ಅಣ್ಣನ ನೀರು ತಲುಪುತ್ತದೆ, ಅಲ್ಲೂ ಸೋಲು. ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣನನ್ನು ಎತ್ತಿಯೇಬಿಡುತ್ತಾನೆ. ನೆಲಕ್ಕೆ ಅಪ್ಪಳಿಸಬಹುದಿತ್ತು. ಅಣ್ಣ, ಕುಲಕ್ಕೆ ದೊಡ್ಡವನು ಎಂದುಕೊಂಡು ಮೆಲ್ಲಗೆ ಇಳಿಸುತ್ತಾನೆ. ಅವಮಾನ ತಾಳಲಾರದ ಭರತ ಗೊತ್ತುಪಡಿಸಿದ ನಿಯಮವನ್ನೇ ಮುರಿದು ಚಕ್ರ ಪ್ರಯೋಗಿಸುತ್ತಾನೆ. ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ಪಕ್ಕದಲ್ಲಿ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ಕೆಣಕು ಇನ್ನೇನಿದೆ? ಮೂರು ಬಾರಿ ಸೋತವನು ಕೊಲ್ಲಲು ಕೈಯೆತ್ತಿದ್ದಾನೆ. ಗೆದ್ದವನು ತಿರುಗಿ ಹೊಡೆದರೆ ಎರಡೂ ಸೇನೆಗಳಲ್ಲಿ ಒಬ್ಬನೂ ತಪ್ಪೆನ್ನುತ್ತಿರಲಿಲ್ಲ. ಬಾಹುಬಲಿ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಕಾಡಿಗೆ ನಡೆಯುತ್ತಾನೆ, ಬಳ್ಳಿ ಕಾಲಿಗೆ ಸುತ್ತುವ ತನಕ ನಿಲ್ಲುತ್ತಾನೆ.

ಈ ಬಾಹುಬಲಿಯನ್ನು ಕಲ್ಲಿನಲ್ಲಿ ನಿಲ್ಲಿಸಿದವನು ಯಾರೆಂದು ನೋಡಿದರೆ ಕಥೆ ನಮ್ಮ ಸೀಮೆಗೆ ಬರುತ್ತದೆ. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯ 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಅದನ್ನು ಮಾಡಿಸಿದ. ಎತ್ತರ ಸುಮಾರು 58 ಅಡಿ. ಅವನು ಜೀವನವೆಲ್ಲ ಕತ್ತಿ ಹಿಡಿದವನು. ಅವನಿಗೆ ಬಂದ ಒಂದೊಂದು ಬಿರುದಿಗೂ ಒಂದೊಂದು ಯುದ್ಧವಿದೆ. ‘ರಣರಂಗಸಿಂಗ’ ಎಂಬ ಬಿರುದು ಬಂದದ್ದು ಉಚ್ಚಂಗಿಯ ಕೋಟೆಯ ಕಾಳಗದಿಂದ. ನಮ್ಮ ಜನ ಉಚ್ಚಂಗೆಮ್ಮನ ಜಾತ್ರೆಗೆ ಹೋಗುವ, ಹರಪನಹಳ್ಳಿ ತಾಲ್ಲೂಕಿನ ಅದೇ ಉಚ್ಚಂಗಿದುರ್ಗ. ನೊಳಂಬರ ಹಿಡಿತದಲ್ಲಿದ್ದ ಆ ಬೆಟ್ಟವನ್ನು ಗಂಗ ದೊರೆ ಮಾರಸಿಂಹನ ಸೇನೆ ಮುರಿಯಿತು. ದೊರೆಗೆ ‘ನೊಳಂಬಕುಲಾಂತಕ’ ಎಂಬ ಹೆಸರಾಯಿತು. ಇನ್ನೊಂದು ಬಿರುದು ‘ಸಮರಪರಶುರಾಮ’. ಅದು ಹಗೆ ತೀರಿಸಿಕೊಂಡದ್ದಕ್ಕೆ ಬಂದದ್ದು: ಚಾವುಂಡರಾಯನ ತಮ್ಮ ನಾಗವರ್ಮನನ್ನು ಮುದುರಾಚಯ್ಯ ಎಂಬವನು ಕೊಂದಿದ್ದ, ಇವನು ಮುದುರಾಚಯ್ಯನನ್ನು ಕೊಂದ.

ತಮ್ಮನ ಸಾವಿಗೆ ಪ್ರತಿಯಾಗಿ ಕೊಂದವನು, ಕೊಲ್ಲಲು ಬಂದ ಅಣ್ಣನನ್ನು ಕೊಲ್ಲದೆ ಬಿಟ್ಟವನನ್ನು ನಿಲ್ಲಿಸಿದ. ಇದನ್ನು ನಾನು ಆಕಸ್ಮಿಕವೆಂದು ಓದಲಾರೆ. ಅವನ ದೊರೆ ಮಾರಸಿಂಹ ಅಷ್ಟು ಯುದ್ಧಗಳ ನಂತರ ಆಯುಧವನ್ನೂ ರಾಜ್ಯವನ್ನೂ ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನದಿಂದ ಪ್ರಾಣ ಬಿಟ್ಟದ್ದನ್ನು ಚಾವುಂಡರಾಯ ಕಂಡಿದ್ದ. 978ರಲ್ಲಿ ತಾನೇ ಬರೆದ ‘ಚಾವುಂಡರಾಯ ಪುರಾಣ’ದಲ್ಲಿ ತನ್ನ ಬಿರುದುಗಳನ್ನು ಹೆಮ್ಮೆಯಿಂದ ಹೇಳಿಕೊಂಡವನು, ಆದರೆ ಬೆಟ್ಟದ ತುದಿಯಲ್ಲಿ ತನ್ನ ಯುದ್ಧಗಳನ್ನು ಕಡೆಸಲಿಲ್ಲ. ಪ್ರತಿಮೆಯ ಪಕ್ಕದಲ್ಲಿ ಕನ್ನಡ, ತಮಿಳು, ಮರಾಠಿಗಳಲ್ಲಿ ಇರುವ ಬರಹ ಚಾವುಂಡರಾಯ ಮಾಡಿಸಿದ ಎಂಬಷ್ಟನ್ನೇ ಹೇಳುತ್ತದೆ. ಅವನ ಶೌರ್ಯದ ವಿವರವಿದ್ದದ್ದು ಅದೇ ಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದ ಮೇಲೆ. ಸುಮಾರು ಎರಡು ಶತಮಾನಗಳ ನಂತರ ಹೆಗ್ಗಡೆ ಕಣ್ಣ ಎಂಬವನು ತನ್ನ ಎರಡು ಸಾಲು ಬರೆಸುವುದಕ್ಕಾಗಿ ಆ ಶಾಸನದ ಮೂರು ಮುಖಗಳನ್ನು ಕೆತ್ತಿ ಅಳಿಸಿದ. ಉಳಿದ ಒಂದು ಮುಖದಿಂದ ಇವತ್ತು ಓದಬೇಕು.

ರನ್ನ ಮುಧೋಳದ ಬಳೆಗಾರರ ಮನೆಯವನು. ಓದಲೆಂದು ಗಂಗವಾಡಿಗೆ ಬಂದಾಗ ಅವನಿಗೆ ಮೊದಲು ಆಸರೆ ಕೊಟ್ಟವನು ಇದೇ ಚಾವುಂಡರಾಯ. ಕವಿ ತನ್ನ ಮಗನಿಗೆ ರಾಯ ಎಂದು ಹೆಸರಿಟ್ಟದ್ದು ಆ ಋಣದಿಂದ. ಮೂದಲೆ ತಾಳದೆ ನೀರಿನಿಂದ ಎದ್ದು ಬಂದವನ ಕಾವ್ಯ, ಕೊಲೆಯ ಆಯುಧಕ್ಕೂ ಕೈಯೆತ್ತದೆ ನಡೆದುಹೋದವನ ಪ್ರತಿಮೆ, ಎರಡೂ ಒಂದೇ ತಲೆಮಾರಿನವು. ಕನ್ನಡ ನಾಡು ಆಗಲೇ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಯೋಚಿಸುತ್ತಿತ್ತು.

ಅದೇ ದಶಕಗಳಲ್ಲಿ ಭೂಮಿಯ ಇನ್ನೊಂದು ತುದಿಯಲ್ಲಿ, ಐಸ್‌ಲ್ಯಾಂಡಿನಲ್ಲಿ, ಒಬ್ಬ ವೈಕಿಂಗ್ ವೀರನೂ ಇದೇ ಇಕ್ಕಟ್ಟಿನಲ್ಲಿದ್ದ. ಹ್ಲೀದರೆಂದಿಯ ಗುನ್ನಾರ್ 990ರ ಆಸುಪಾಸಿನಲ್ಲಿ ಸತ್ತನೆಂದು ಎಣಿಸುತ್ತಾರೆ. ಅವನ ಕಥೆ 1280ರ ಸುಮಾರಿಗೆ ಬರೆದ ‘ನ್ಯಾಲನ ಸಾಗಾ’ದಲ್ಲಿದೆ. ಹರೆಯದಲ್ಲಿ ಹಡಗಿನಲ್ಲಿ ಹೋಗಿ ಸೂರೆ ಮಾಡಿ ಬಂದವನು, ಈಟಿಗೊಡಲಿ ಹಿಡಿದರೆ ಎದುರಿಲ್ಲದವನು. ಅವನ ಹೆಂಡತಿ ಹಲ್ಗೆರ್ಡ್‌ಗೂ ಸ್ನೇಹಿತ ನ್ಯಾಲನ ಹೆಂಡತಿ ಬರ್ಗ್‌ಥೋರಾಗೂ ಔತಣದಲ್ಲಿ ಕೂರುವ ಜಾಗದ ಮೇಲೆ ಮಾತು ಬೆಳೆಯಿತು. ಹಲ್ಗೆರ್ಡ್ ನ್ಯಾಲನ ಆಳನ್ನು ಕೊಲ್ಲಿಸಿದಳು. ಗುನ್ನಾರ್ ಹೋಗಿ ಸತ್ತವನ ಬೆಲೆಯೆಂದು ಬೆಳ್ಳಿಯ ಚೀಲ ಕೊಟ್ಟ. ಬರ್ಗ್‌ಥೋರಾ ಪ್ರತಿಯಾಗಿ ಗುನ್ನಾರನ ಕಡೆಯವನನ್ನು ಕೊಲ್ಲಿಸಿದಳು. ನ್ಯಾಲ್ ಅದೇ ಚೀಲವನ್ನು ಹಿಂದಕ್ಕೆ ಕೊಟ್ಟ. ಆಳಿನಿಂದ ಶುರುವಾದ ಕೊಲೆ ನಂಟರ ತನಕ ಏರಿತು, ಬೆಳ್ಳಿಯ ತೂಕವೂ ಏರಿತು; ಆದರೆ ಆ ಇಬ್ಬರು ಗಂಡಸರು ಒಬ್ಬರ ಮೇಲೊಬ್ಬರು ಕೈ ಮಾಡಲಿಲ್ಲ.

ಆ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಗಂಡಸುತನವನ್ನು ಹೀಗಳೆಯುವ ಮೂರು ಬೈಗುಳಗಳಲ್ಲಿ ಯಾವುದನ್ನಾದರೂ ಅಂದವನನ್ನು ಕೊಲ್ಲಬಹುದು ಎಂದು ಅಲ್ಲಿನ ‘ಗ್ರಾಗಾಸ್’ ಕಾನೂನು ಹೇಳುತ್ತಿತ್ತು. ಕರೆದಾಗ ದ್ವಂದ್ವಯುದ್ಧಕ್ಕೆ ಹೋಗದವನಿಗೆ ಮರ್ಯಾದೆ ಇರಲಿಲ್ಲ. ಆ ಪದ್ಧತಿಯನ್ನು ನಿಲ್ಲಿಸಿದ್ದು 1006ರ ಹೊತ್ತಿಗೆ. ಇಂಥಲ್ಲಿ ಗುನ್ನಾರ್ ಆಯುಧ ಕೆಳಗಿಟ್ಟು ತನ್ನ ಹೊಲದಲ್ಲಿ ಬೀಜ ಬಿತ್ತುತ್ತಿದ್ದಾಗ ಆಟ್ಕೆಲ್ ಎಂಬವನ ಕುದುರೆ ಮೈಮೇಲೆ ಹಾಯಿತು, ಸವಾರನ ಹಿಮ್ಮಡಿಗೆ ಕಟ್ಟಿದ್ದ, ಕುದುರೆ ತಿವಿಯುವ ಮುಳ್ಳು ತಗುಲಿ ಗುನ್ನಾರನ ಕಿವಿ ಹರಿಯಿತು. ಅಷ್ಟನ್ನೂ ನುಂಗಿಕೊಂಡ. ಆದರೆ ಆಟ್ಕೆಲನ ಜೊತೆಗಾರನೊಬ್ಬ ಗುನ್ನಾರ್ ಅತ್ತ ಎಂದು ಊರೂರು ಹೇಳಿಕೊಂಡು ತಿರುಗಿದ. ಆ ಮಾತು ಕಿವಿಗೆ ಬಿದ್ದ ಮೇಲೆ ಗುನ್ನಾರ್ ಎದ್ದ, ರಂಗಾ ನದಿಯ ದಡದಲ್ಲಿ ಅವರನ್ನೆಲ್ಲ ಕೊಂದ. ಕೊಂದಾದ ಮೇಲೆ ತಮ್ಮ ಕೋಲ್‌ಸ್ಕೆಗ್‌ನ ಹತ್ತಿರ ಅಂದುಕೊಳ್ಳುತ್ತಾನೆ: ಕೊಲ್ಲುವುದು ಬೇರೆಯವರಿಗಿಂತ ನನಗೆ ಇಷ್ಟು ಕಷ್ಟವಾಗುತ್ತದಲ್ಲ, ನನ್ನ ಗಂಡಸುತನವೇ ಕಡಿಮೆಯೋ ಏನೋ ಎಂದು.

ಇಡೀ ಸಾಗಾದಲ್ಲಿ ನನಗೆ ಅತ್ಯಂತ ಹತ್ತಿರದ ಮಾತು ಅದು. ಕೊಲ್ಲಲಾರದವನ ಅಳಲು ಅದಲ್ಲ. ಅಷ್ಟು ಚೆನ್ನಾಗಿ ಕೊಲ್ಲಬಲ್ಲವನು ತನ್ನನ್ನೇ ಅನುಮಾನಿಸುತ್ತಿದ್ದಾನೆ. ಸುತ್ತಲಿನವರ ಕಣ್ಣಿನಿಂದ ತನ್ನನ್ನು ನೋಡಿಕೊಂಡದ್ದರ ಫಲ. ‘ಬಳೆ ತೊಟ್ಕೊಂಡು ಮನೇಲಿ ಕೂತ್ಕೋ’ ಎಂದು ನಮ್ಮಲ್ಲಿ ಅನ್ನುವ ಮಾತು ಮಾಡುವ ಕೆಲಸವೂ ಇದೇ. ಗುನ್ನಾರ್ ಕೈ ತಡೆದದ್ದು ಎಷ್ಟು ಕಾಲ? ನ್ಯಾಲನಂಥವನು ಬೆಳ್ಳಿಯ ಚೀಲ ಹಿಡಿದು ಎದುರಿಗೆ ಇದ್ದಷ್ಟು ಕಾಲ. ಅವಮಾನವಾಗದಂತೆ ಹಿಂದೆ ಸರಿಯುವ ದಾರಿ ಇದ್ದಷ್ಟು ಕಾಲ. ಆಮೇಲೆ ಅದೇ ನ್ಯಾಲ್ ಎಚ್ಚರಿಸಿದ್ದ: ಒಂದೇ ಮನೆತನದಲ್ಲಿ ಎರಡನೆಯ ಸಲ ಕೊಲ್ಲಬೇಡ, ಕೊಲ್ಲಬೇಕಾಗಿ ಬಂದರೂ ಹಿರಿಯರು ಮಾಡಿಕೊಟ್ಟ ಒಪ್ಪಂದ ಮುರಿಯಬೇಡ. ಗುನ್ನಾರ್ ಎರಡನ್ನೂ ಮೀರಿದ, ತನ್ನ ಮನೆಯಲ್ಲೇ ಮುತ್ತಿಗೆಗೆ ಸಿಕ್ಕಿ ಸತ್ತ.

ಈಗ ನಮ್ಮೂರಿಗೆ ಬರುತ್ತೇನೆ. ಸಂತೇಬೆನ್ನೂರಿನ ಪುಷ್ಕರಣಿಯನ್ನು ಕಟ್ಟಿಸಿದ ಕೀರ್ತಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕನದು. ಸುತ್ತ ಎಂಟು ದಿಕ್ಕಿಗೆ ಎಂಟು ಮಂಟಪಗಳಿದ್ದವು, ಈಗ ಆರು ಉಳಿದಿವೆ. ದಡದ ಮೇಲೆ ಹೊಂಡಕ್ಕೆ ಮುಖ ಮಾಡಿ ದೊಡ್ಡ ಕಮಾನುಗಳ ಮುಸಾಫಿರ್‌ಖಾನಾ ಇದೆ. ಹದಿನೇಳನೆಯ ಶತಮಾನದಲ್ಲಿ ಈ ಸೀಮೆಗೆ ದಂಡೆತ್ತಿ ಬಂದ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಹೆಸರಿಗೆ ಅದು ಸೇರಿದೆ. ಅಲ್ಲಿ ಮೊದಲು ರಂಗನಾಥನ ಗುಡಿ ಇತ್ತು, ಅದನ್ನು ಕೆಡವಿದ ಸಿಟ್ಟಿಗೆ ನಾಯಕ ಮರಳಿ ಬಂದು ಖಾನನ ಕಡೆಯ ಅಧಿಕಾರಿಯನ್ನು ಕೊಂದ, ಆ ಮೇಲೆ ಕಟ್ಟಡದಲ್ಲಿ ಪ್ರಾರ್ಥನೆ ನಡೆಯಲಿಲ್ಲ ಎಂಬ ಕಥೆಯನ್ನು ಊರಿನಲ್ಲಿ ಹೇಳುತ್ತಾರೆ. ನಾಯಕನ ನೋವನ್ನು ನಾನು ಸಣ್ಣದು ಮಾಡುವುದಿಲ್ಲ. ಗುಡಿ ಕಳೆದುಕೊಂಡವನ ಸಿಟ್ಟು ನಿಜವಾದ ಸಿಟ್ಟು.

ಆದರೆ ಕಥೆ ಹೇಳುವವರು ಅಲ್ಲಿಂದಲೇ ಶುರು ಮಾಡುತ್ತಾರೆ, ಅದಕ್ಕಿಂತ ಹಿಂದೆ ಹೋಗುವುದಿಲ್ಲ. ಹಿಂದೆ ಹೋದರೆ ಸಿಗುವುದು ನೆರೆಹೊರೆಯ ಹಗೆ. ಬಸವಾಪಟ್ಟಣ ಮತ್ತು ಸಂತೇಬೆನ್ನೂರಿನ ಈ ಮನೆತನಕ್ಕೂ ಇಕ್ಕೇರಿಯ ನಾಯಕರಿಗೂ ಆಗಿಬರುತ್ತಿರಲಿಲ್ಲ. 1637–38ರಲ್ಲಿ ರಣದುಲ್ಲಾ ಖಾನ ಇಕ್ಕೇರಿಯ ವೀರಭದ್ರ ನಾಯಕನ ಮೇಲೆ ಏರಿ ಹೋದಾಗ ಬಸವಾಪಟ್ಟಣದ ಕೆಂಗ ನಾಯಕ ಖಾನನ ಪಕ್ಕದಲ್ಲಿದ್ದ. ಪಕ್ಕದ ಮನೆಯವನನ್ನು ಬಗ್ಗಿಸಲು ದೂರದ ಸೇನೆ ನೆರವಿಗೆ ಬಂತು. 1638ರಲ್ಲಿ ಬೆಂಗಳೂರೂ ಬಿತ್ತು. ಸ್ವಲ್ಪ ದಿನಕ್ಕೆ ನಾಯಕನಿಗೂ ಬಿಜಾಪುರಕ್ಕೂ ಕೆಟ್ಟಿತು, ಸೇನೆ ಬಸವಾಪಟ್ಟಣಕ್ಕೇ ಬಂತು. ಮನೆತನ ಇಲ್ಲಿಂದ ನೆಲೆ ಕಳೆದುಕೊಂಡು ತರೀಕೆರೆಯ ಕಡೆಗೆ ಸರಿಯಿತು. ಇಕ್ಕೇರಿ ಮತ್ತು ಬಸವಾಪಟ್ಟಣದ ನಡುವೆ ಕೂತು ಆಯುಧ ಬೇಡ ಎನ್ನುವ ಮಂತ್ರಿಗಳು ಇರಲಿಲ್ಲ, ಬೆಳ್ಳಿಯ ಚೀಲ ಹಿಡಿದು ಬರುವ ಸ್ನೇಹಿತರಿರಲಿಲ್ಲ. ಇಬ್ಬರ ಜಗಳ ಮೂರನೆಯವನ ಕೈಗೆ ಹೋಯಿತು, ಊರು ಅದರ ಬೆಲೆ ತೆತ್ತಿತು.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ‘ಮುಸಾಫಿರ್‌ಖಾನಾ ಮತ್ತು ಹೊಂಡ’ ಒಂದೇ ಸ್ಮಾರಕವೆಂದು ದಾಖಲಾಗಿವೆ. ನಾಯಕನು ಕಟ್ಟಿಸಿದ್ದನ್ನೂ ಖಾನನ ಹೆಸರಿನದನ್ನೂ ಒಂದೇ ಬೇಲಿ ಕಾಯುತ್ತದೆ. ಅದು ಸರಿ ಎಂದು ನನಗನಿಸುತ್ತದೆ. ಯಾರೋ ಹೊರಗಿನವರು ಬಂದು ಈ ಎರಡನ್ನು ಮುಂದಿಟ್ಟುಕೊಂಡು ನಮ್ಮ ಹುಡುಗರನ್ನು ಕೆಣಕಿದರೆ, ಇಡೀ ಕಥೆ ಗೊತ್ತಿರುವವನಿಗೆ ಕೈ ತಡೆಯುವುದು ಸುಲಭ. ಅರ್ಧ ಕಥೆ ಗೊತ್ತಿರುವವನಿಗೆ ಬಹಳ ಕಷ್ಟ. ಇತಿಹಾಸ ಕಲಿಸುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹಳ್ಳಿಗಳಲ್ಲಿ ಹಿಂದೆ ದೈವಸ್ಥರು ಕೂತು ಜಗಳ ಬಗೆಹರಿಸುತ್ತಿದ್ದರು. ಎಲ್ಲವೂ ನ್ಯಾಯವಾಗಿತ್ತೆಂದು ಹೇಳುವುದಿಲ್ಲ. ಬಡವರಿಗೆ, ಹೆಂಗಸರಿಗೆ, ಕೇರಿಯವರಿಗೆ ಅಲ್ಲಿ ಮಾತಿರಲಿಲ್ಲ. ಆದರೆ ಬದುವಿನ ಜಗಳದಲ್ಲಿ ಕುಡುಗೋಲು ಎತ್ತಿದವನಿಗೆ ‘ಹಿರೇರು ಹೇಳಿದ್ರು ಅಂತ ಬಿಟ್ಟೆ’ ಎಂದು ಹೇಳಿಕೊಳ್ಳುವ ಒಂದು ದಾರಿ ಅಲ್ಲಿ ಸಿಗುತ್ತಿತ್ತು. ಇವತ್ತಿಗೂ ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಸೋಮವಾರ ಜನ ಜಮೀನಿನ, ಪಾಲಿನ, ಗಂಡಹೆಂಡಿರ ವ್ಯಾಜ್ಯ ಹಿಡಿದುಕೊಂಡು ಕೂರುವುದನ್ನು ನೋಡಬಹುದು. ಅಲ್ಲಿಗೆ ಬರುವವರಲ್ಲಿ ಎಷ್ಟೋ ಜನ ಸೋಲಲು ಸಿದ್ಧರಾಗಿಯೇ ಬರುತ್ತಾರೆ. ಎದುರಿನವನಿಗೆ ಸೋಲುವುದು ಬೇಡ, ಪೀಠಕ್ಕೆ ತಲೆಬಾಗಿದರೆ ಸಾಕು ಎನ್ನುವುದು ಅವರಿಗೆ ಬೇಕಾದ ಸಮಾಧಾನ. ಸಿಟ್ಟಿಗೆದ್ದವನಿಗೆ ಮರ್ಯಾದೆ ಕೆಡದೆ ಹಿಂದೆ ಸರಿಯಲು ಜಾಗ ಮಾಡಿಕೊಡುವುದು ನಾಗರಿಕತೆಯ ದೊಡ್ಡ ಕೆಲಸಗಳಲ್ಲಿ ಒಂದು.

ಶಾಲೆಗಳಲ್ಲಿ ಬಾಹುಬಲಿಯ ಪಾಠ ಮಾಡುವವರಿಗೆ ನನ್ನ ಒಂದು ಕೋರಿಕೆ ಇದೆ. ಎತ್ತಿದ ಅಣ್ಣನನ್ನು ಇಳಿಸಿದ ಗಳಿಗೆಯನ್ನು ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಅದರ ಮೊದಲು ಎರಡು ಸೇನೆಗಳ ನಡುವೆ ಕೂತು ಮಾತಾಡಿದ ಮಂತ್ರಿಗಳಿಗೂ ಅಷ್ಟೇ ಹೊತ್ತು ಕೊಡಿ. ಬಾಹುಬಲಿಯಾಗುವುದು ಸಾವಿರಕ್ಕೊಬ್ಬನಿಗೆ ಸಾಧ್ಯ. ಜಾತ್ರೆಯಲ್ಲಿ, ಚುನಾವಣೆಯಲ್ಲಿ, ಗಣಪತಿ ಮೆರವಣಿಗೆಯಲ್ಲಿ ಇಬ್ಬರು ತೊಡೆ ತಟ್ಟಿ ನಿಂತಾಗ ನಡುವೆ ಹೋಗಿ ಮಾತಾಡುವ ಮಂತ್ರಿಯಾಗುವುದು ಪ್ರತಿಯೊಂದು ಊರಿನಲ್ಲಿ ಹತ್ತಾರು ಜನರಿಗೆ ಸಾಧ್ಯ. ನಮ್ಮ ಮಕ್ಕಳನ್ನು ನಾವು ಆ ಕೆಲಸಕ್ಕೆ ತಯಾರು ಮಾಡಬೇಕು.